ಎರಡು ರಾತ್ರಿ ಕಾಡು ಸುತ್ತಿದರೂ ಏನೂ ಕಾಣಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹಸಿರುಜಾಡು:

ಎಲ್ಲರಿಗೂ ನಮಸ್ಕಾರ. ನಾನೀಗ ಬೋರ್ನಿಯೊ ದ್ವೀಪದ ಡಾನಮ್ ಕಣಿವೆಯ ಮಳೆಕಾಡಿನಲ್ಲಿದ್ದೇನೆ. ಒಟ್ಟು ಏಳು ರಾತ್ರಿ ಇಲ್ಲಿರುತ್ತೇನೆ. ಎರಡು ರಾತ್ರಿ ಆಗಲೇ ಕಳೆಯಿತು. ಉಳಿದ ಐದನ್ನು ಹಾಗೇ ಕಳೆದುಕೊಳ್ಳಲು ಮನಸ್ಸಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಹಗಲು ಕಾಡು ಕೈ ಬಿಡಲಿಲ್ಲ. ಒರಾಂಗುಟಾನ್ ಕಂಡಿತು, ಮಂಗಟ್ಟೆ ಹಕ್ಕಿಗಳು ಕಂಡವು. ಆದರೆ ನಾನು ಬಂದದ್ದು ರಾತ್ರಿ ಪ್ರಾಣಿಗಳಿಗಾಗಿ. ನಮ್ಮ ಕಾಡುಪಾಪದ ಬಂಧು ಲೋರಿಸ್, ಪುನುಗು ಬೆಕ್ಕು, ಹಾರುವ ಅಳಿಲು, ಎಲ್ಲಕ್ಕಿಂತ ಜಾಸ್ತಿ ಟಾರ್ಸಿಯರ್. ಟಾರ್ಸಿಯರ್ ಚಿತ್ರವನ್ನು ಶಾಲೆಯಲ್ಲಿದ್ದಾಗ ಒಂದು ಹಳೆಯ ಪುಸ್ತಕದಲ್ಲಿ ನೋಡಿದ್ದೆ. ಮುಷ್ಟಿಯಷ್ಟು ಪ್ರಾಣಿ, ಮುಖದ ತುಂಬಾ ಕಣ್ಣು. ಅವತ್ತಿನಿಂದ ಇದ್ದ ಆಸೆ ಇದು.

ಮೊದಲ ರಾತ್ರಿ ಎಂಟಕ್ಕೆ ಹೊರಟು ಹತ್ತಕ್ಕೆ ವಾಪಸ್ ಬಂದೆವು. ನಾವು ಐದು ಜನ, ಜೊತೆಗೆ ಗೈಡ್. ಎರಡು ಗಂಟೆಯಲ್ಲಿ ಮೂರೂವರೆ ಕಿಲೋಮೀಟರ್ ನಡೆದಿದ್ದೆವು ಅಂತ ಫೋನ್ ತೋರಿಸಿತು. ನನ್ನ ಹತ್ತಿರ 1000 ಲ್ಯೂಮೆನ್‌ನ ಕೈ ಟಾರ್ಚ್ ಇದೆ. ಅದನ್ನು ಸೊಂಟದ ಹತ್ತಿರ ಹಿಡಿದು ದಾರಿಗೂ ಮರಕ್ಕೂ ಬಿಡುತ್ತಾ ಹೋದೆ. ಗೈಡ್ ಮೂರು ಸಲ ನಿಂತು "ಅಲ್ಲಿ, ಮೇಲೆ, ಎರಡು ಕಣ್ಣು" ಎಂದರು. ಒಂದು ಸಲವೂ ನನಗೆ ಕಾಣಲಿಲ್ಲ. ಅವರು ಬೆರಳು ತೋರಿಸಿದ ಕಡೆಗೇ ನನ್ನ ಟಾರ್ಚ್ ಬಿಟ್ಟೆ. ಬರೀ ಎಲೆ. ಪಕ್ಕದವರೂ "ಹೌದು ಹೌದು, ಕಂಡಿತು" ಎಂದಾಗ ನಿಜವಾಗಿ ಅಳು ಬಂತು.

ಎರಡನೇ ರಾತ್ರಿ ಸಂಜೆ ಮಳೆ ಬಂದು ನಿಂತಿತ್ತು. ಕಪ್ಪೆಗಳ ಸದ್ದು ಕಿವಿ ತುಂಬುತ್ತಿತ್ತು. ನೆಲದ ತುಂಬಾ ಸಣ್ಣ ಸಣ್ಣ ಹೊಳೆಯುವ ಚುಕ್ಕಿಗಳು. ಮಳೆಹನಿ ಅಂದುಕೊಂಡೆ. ಮತ್ತೇನೂ ಇಲ್ಲ.

ನನ್ನ ಕಣ್ಣಿನದೇ ದೋಷವೇ? ಟಾರ್ಚ್ ಸರಿಯಿಲ್ಲವೇ? ಹುಣ್ಣಿಮೆ ಕಳೆದು ಇವತ್ತಿಗೆ ಮೂರು ದಿನ. ಬೆಳದಿಂಗಳಿಂದ ಏನಾದರೂ ತೊಂದರೆ ಇದೆಯೇ? ಜೊತೆಗೆ ಬಂದ ಒಬ್ಬರ ಹತ್ತಿರ ಮೈಯ ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಇದೆ, ಅದು ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ. ಇವತ್ತು ರಾತ್ರಿ ಮತ್ತೆ ಹೋಗುತ್ತಿದ್ದೇವೆ.

ಬೆಳಕುಹಿಡಿದವಳು:

ಹಸಿರುಜಾಡು ಅವರೇ, ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಟಾರ್ಚ್ ಇರುವ ಜಾಗ ಸರಿಯಿಲ್ಲ. ಸೊಂಟದಿಂದ ತೆಗೆದು ಕಣ್ಣಿನ ಪಕ್ಕಕ್ಕೆ ತನ್ನಿ. ಇವತ್ತು ರಾತ್ರಿ ಇದೊಂದನ್ನು ಮಾಡಿದರೂ ಸಾಕು, ಬೇರೆ ಕಾಡಿಗೇ ಬಂದ ಹಾಗೆ ಅನಿಸುತ್ತದೆ.

ಕಾರಣ ಹೇಳುತ್ತೇನೆ. ರಾತ್ರಿ ಓಡಾಡುವ ಎಷ್ಟೋ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇರುತ್ತದೆ. ಟೇಪಿಟಮ್ ಅಂತ ಹೆಸರು. ಒಳಗೆ ಬಂದ ಬೆಳಕನ್ನು ಅದು ಇನ್ನೊಮ್ಮೆ ರೆಟಿನಾದ ಮೇಲೆ ಹಾಯಿಸುತ್ತದೆ. ಮಬ್ಬಿನಲ್ಲೂ ಪ್ರಾಣಿಗೆ ಚೆನ್ನಾಗಿ ಕಾಣುವುದು ಅದರಿಂದ. ಹಾಗೆ ಹಾಯಿಸಿ ಉಳಿದ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಬಂದ ದಾರಿ ಅಂದರೆ ನಿಮ್ಮ ಟಾರ್ಚ್‌ನ ಕಡೆಗೆ. ನಿಮ್ಮ ವಿಷಯದಲ್ಲಿ ಅದು ಸೊಂಟಕ್ಕೆ ಹೋಗಿದೆ, ಕಣ್ಣಿಗೆ ಬಂದಿಲ್ಲ. ನಿಮ್ಮ ಗೈಡ್ ಹಣೆಗೆ ಟಾರ್ಚ್ ಕಟ್ಟಿಕೊಂಡಿದ್ದರು, ಅಲ್ವಾ? ಅದಕ್ಕೇ ಅವರಿಗೆ ಕಂಡಿತು. ಅವರ ಬೆಳಕಿನಲ್ಲಿ ನಿಮಗೆ ಕಾಣುವುದಿಲ್ಲ. ನಿಮ್ಮ ಬೆಳಕು ನಿಮ್ಮ ಕಣ್ಣಿನ ಹತ್ತಿರವೇ ಇರಬೇಕು.

ನಂಬಿಕೆ ಬರಲು ಈಗಲೇ ಒಂದು ಪರೀಕ್ಷೆ ಮಾಡಿ. ಬ್ಯಾಗ್ ಅಥವಾ ಶೂ ಮೇಲೆ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದನ್ನು ಕತ್ತಲಲ್ಲಿ ಮೂವತ್ತು ಹೆಜ್ಜೆ ದೂರ ಇಡಿ. ಮೊದಲು ಸೊಂಟದಿಂದ ಬೆಳಕು ಬಿಡಿ. ಆಮೇಲೆ ಟಾರ್ಚನ್ನು ಕಿವಿಯ ಮೇಲೆ, ಹುಬ್ಬಿನ ಮಟ್ಟಕ್ಕೆ ತಂದು ಬಿಡಿ. ಪಟ್ಟಿ ಉರಿದೆದ್ದ ಹಾಗೆ ಹೊಳೆಯುತ್ತದೆ. ನನಗೆ ಇದನ್ನು ಹೇಳಿಕೊಟ್ಟವರು ಹೀಗೇ ತೋರಿಸಿದ್ದರು. ಹದಿನಾಲ್ಕು ವರ್ಷದಿಂದ ರಾತ್ರಿ ಪ್ರಾಣಿಗಳ ಎಣಿಕೆಗೆ ಹೋಗುತ್ತಿದ್ದೇನೆ, ಹೊಸಬರು ಬಂದಾಗಲೆಲ್ಲ ಮೊದಲು ಮಾಡಿಸುವುದು ಇದನ್ನೇ.

ಇನ್ನು 1000 ಲ್ಯೂಮೆನ್. ಬೇಡ. ಹತ್ತಿರದ ಎಲೆಗಳ ಮೇಲೆ ಅಷ್ಟು ಬೆಳಕು ಬಿದ್ದರೆ ಎಲೆಗಳೇ ಕಣ್ಣು ಕುಕ್ಕುತ್ತವೆ. ಅದರ ಹಿಂದಿನದು ಏನೂ ಕಾಣುವುದಿಲ್ಲ. ಕತ್ತಲಿಗೆ ನಮ್ಮ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಜೋರು ಬೆಳಕು ಕಂಡರೆ ಮತ್ತೆ ಮೊದಲಿನಿಂದ ಶುರು. ನಿಮ್ಮ ಟಾರ್ಚ್‌ನಲ್ಲಿ ಕಡಿಮೆ ಬೆಳಕಿನ ಹಂತ ಇರುತ್ತದೆ. 150 ಅಥವಾ 200 ಲ್ಯೂಮೆನ್ ಇದ್ದರೆ ಕಣ್ಣು ಹುಡುಕಲು ಧಾರಾಳ ಸಾಕು. ಕಣ್ಣಿನ ಹೊಳಪು ಬಹಳ ದೂರದಿಂದ ಕಾಣುತ್ತದೆ, ಅದಕ್ಕೆ ಶಕ್ತಿ ಬೇಡ. ಪ್ರಾಣಿ ಯಾವುದು ಅಂತ ನೋಡಲು ಮಾತ್ರ ಒಂದೆರಡು ಸೆಕೆಂಡ್ ಜಾಸ್ತಿ ಮಾಡಿಕೊಳ್ಳಿ. ಫೋನನ್ನು ಜೇಬಿನಲ್ಲೇ ಬಿಡಿ. ಅದರ ಪರದೆ ಒಂದು ಸಲ ಬೆಳಗಿದರೆ ನಿಮ್ಮ ಅರ್ಧ ಗಂಟೆ ಹೋಯಿತು.

ಎರಡು ಗಂಟೆಗೆ ಮೂರೂವರೆ ಕಿಲೋಮೀಟರ್ ಅಂದಿರಿ. ಅದು ವಾಯುವಿಹಾರದ ವೇಗ. ನಾವು ಎಣಿಕೆಗೆ ಹೋದಾಗ ಗಂಟೆಗೆ ಒಂದು ಕಿಲೋಮೀಟರ್ ದಾಟುವುದಿಲ್ಲ. ಕೆಲವು ರಾತ್ರಿ ಅದಕ್ಕೂ ಕಡಿಮೆ. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು. ದೂರದ ಮರದ ನೆತ್ತಿಯಿಂದ ಶುರು ಮಾಡಿ, ಕೊಂಬೆ ಹಿಡಿದು ಕಾಂಡದವರೆಗೆ, ಕಾಂಡದಿಂದ ನೆಲಕ್ಕೆ, ನಿಧಾನವಾಗಿ ಬೆಳಕು ಇಳಿಸುವುದು. ಆಮೇಲೆ ತಿರುಗಿ ಬಂದ ದಾರಿಯನ್ನು ನೋಡುವುದು. ಇದನ್ನು ಮರೆಯಬೇಡಿ. ನಾವು ಹತ್ತಿರ ಬರುವಾಗ ಮುಖ ತಿರುಗಿಸಿ ಕೂತ ಪ್ರಾಣಿ, ದಾಟಿ ಹೋದ ಮೇಲೆ ನಮ್ಮನ್ನೇ ನೋಡುತ್ತಿರುತ್ತದೆ. ನಾನು ಕಂಡ ಲೋರಿಸ್‌ಗಳಲ್ಲಿ ಎಷ್ಟೋ ಹಿಂದಕ್ಕೆ ತಿರುಗಿದಾಗ ಸಿಕ್ಕಿದವು.

ಐದು ಜನ ಐದು ಟಾರ್ಚ್ ಬೀಸಿದರೆ ಕಾಡು ಗಾಬರಿಯಾಗುತ್ತದೆ. ಇಬ್ಬರು ಮರ ನೋಡಲಿ, ಒಬ್ಬರು ನೆಲ ನೋಡಲಿ, ಉಳಿದವರು ಕಾಲಿನ ಮುಂದಕ್ಕೆ ಸಣ್ಣ ಬೆಳಕು ಇಟ್ಟುಕೊಳ್ಳಲಿ. ಸರದಿ ಬದಲಾಯಿಸಿಕೊಳ್ಳಿ.

ಈಗ ಕಣ್ಣು ಕಂಡಿತು ಅಂದುಕೊಳ್ಳಿ. ಯಾವ ಪ್ರಾಣಿ? ಹಸಿರು ಕಣ್ಣು ಇಂಥದ್ದು, ಕೆಂಪು ಕಣ್ಣು ಅಂಥದ್ದು ಅಂತ ಪಟ್ಟಿ ಹೇಳುವವರಿದ್ದಾರೆ. ನಾನು ಬಣ್ಣವನ್ನು ಜಾಸ್ತಿ ನಂಬುವುದಿಲ್ಲ. ಅದೇ ಪ್ರಾಣಿ ತಲೆ ಸ್ವಲ್ಪ ತಿರುಗಿಸಿದರೆ ಬಣ್ಣ ಬದಲಾಗುತ್ತದೆ. ಕಣ್ಣು ಎಷ್ಟು ಎತ್ತರದಲ್ಲಿದೆ, ಎರಡರ ನಡುವೆ ಎಷ್ಟು ಅಂತರ, ಹೇಗೆ ಚಲಿಸುತ್ತದೆ, ಇದನ್ನು ನೋಡಿ. ಲೋರಿಸ್ ಎರಡೂ ಕಣ್ಣಿನಿಂದ ನೇರ ನಿಮ್ಮನ್ನೇ ನೋಡುತ್ತದೆ. ಕಿತ್ತಳೆ ಕೆಂಪು, ಕೆಂಡದ ಹಾಗೆ. ಅದು ನೆಗೆಯುವುದಿಲ್ಲ, ಎಣ್ಣೆಯ ಮೇಲೆ ಜಾರಿದ ಹಾಗೆ ಸಾಗುತ್ತದೆ. ಪುನುಗು ಬೆಕ್ಕಿಗೆ ಅವಸರ, ಕೊಂಬೆಯ ಮೇಲೆ ಓಡುತ್ತಾ ನೋಡುತ್ತದೆ. ಹಾಗಾಗಿ ಹೊಳಪು ಹತ್ತಿ ಆರಿ ಹತ್ತಿ ಆರಿ ಮುಂದಕ್ಕೆ ಹೋಗುತ್ತದೆ. ಮೊಣಕಾಲಿಗಿಂತ ಕೆಳಗೆ ಒಂದೇ ಕಣ್ಣು ಕಂಡರೆ ಬರ್ಕ, ಅಂದರೆ ಜಿಂಕೆಯಂಥ ಪುಟ್ಟ ಪ್ರಾಣಿ, ಇರಬಹುದು. ಅದರ ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಎಷ್ಟೋ ಸಲ ಒಂದೇ ಕಾಣುತ್ತದೆ. ಎತ್ತರದ ಕಾಂಡಕ್ಕೆ ಅಂಟಿಕೊಂಡು ಅಲ್ಲಾಡದೆ ಇದ್ದರೆ ಹಾರುವ ಅಳಿಲು ಅಥವಾ ಕೊಲುಗೊ, ಚರ್ಮದ ಪೊರೆ ಚಾಚಿ ಮರದಿಂದ ಮರಕ್ಕೆ ತೇಲುವ ಪ್ರಾಣಿ. ಸುಮ್ನೆ ಕಾಯಿರಿ. ಕೊಲುಗೊ ಒಮ್ಮೆ ತೇಲಿದರೆ ನೂರು ಮೀಟರ್‌ಗೂ ದೂರ ಹೋಗಬಲ್ಲದು. ತಲೆಯ ಮೇಲೆ ಒಂದು ಹಾಳೆ ಹಾದುಹೋದ ಹಾಗೆ, ಸದ್ದೇ ಇಲ್ಲ.

ನಿಮ್ಮ ನೆಲದ ಚುಕ್ಕಿಗಳು ಮಳೆಹನಿ ಅಲ್ಲ ಅಂತ ನನ್ನ ಅಂದಾಜು. ಜೇಡಗಳು. ಬೇಟೆಯಾಡುವ ತೋಳಜೇಡಗಳಿಗೂ ಆ ಕನ್ನಡಿ ಪದರ ಇದೆ. ಹನಿಯಾದರೆ ನೀವು ತಲೆ ಆಡಿಸಿದ ಕೂಡಲೇ ಮಿನುಗು ಜಾಗ ಬದಲಿಸುತ್ತದೆ, ಆರುತ್ತದೆ. ಜೇಡದ ಕಣ್ಣು ಹಾಗೇ ಇರುತ್ತದೆ, ಹಸಿರು ನೀಲಿ ಸೂಜಿಮೊನೆ. ಅದರ ಹಿಂದೆಯೇ ಹೋಗಿ ಬಗ್ಗಿ ನೋಡಿ. ಅಂದರೆ ಎರಡನೇ ರಾತ್ರಿ ನೀವು ಏನೂ ನೋಡಲಿಲ್ಲ ಅನ್ನುವುದು ಸರಿಯಲ್ಲ. ನೂರಾರು ಬೇಟೆಗಾರರ ನಡುವೆ ನಡೆದು ಬಂದಿದ್ದೀರಿ.

ಬೆಳದಿಂಗಳಿನ ಮಾತು ಸರಿ. ಇಲಿ, ಕೆಲವು ಬಾವಲಿ, ಇಂಥ ಎಷ್ಟೋ ಸಣ್ಣ ಪ್ರಾಣಿಗಳು ಬೆಳದಿಂಗಳಲ್ಲಿ ಬಯಲಿಗೆ ಬರುವುದನ್ನು ಕಡಿಮೆ ಮಾಡುತ್ತವೆ. ಗೂಬೆಯ ಕಣ್ಣಿಗೆ ಬೀಳಬಾರದು ಅಂತ. ಎಲ್ಲಾ ಪ್ರಾಣಿಗಳೂ ಹೀಗಲ್ಲ. ಸುಲವೇಸಿ ದ್ವೀಪದ ಟಾರ್ಸಿಯರ್‌ಗಳು ಹುಣ್ಣಿಮೆಯಲ್ಲಿ ಇನ್ನೂ ಜಾಸ್ತಿ ಓಡಾಡುವುದನ್ನು ಸಂಶೋಧಕರು ಕಂಡಿದ್ದಾರೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ನಿಮಗೆ ಇವತ್ತು ಎಂಟೂವರೆ ಆಸುಪಾಸು. ನೀವು ಹೊರಡುವುದು ಎಂಟಕ್ಕೆ! ಒಳ್ಳೆಯ ಕತ್ತಲನ್ನು ಕೋಣೆಯಲ್ಲೇ ಕಳೆಯುತ್ತಿದ್ದೀರಿ. ಏಳಕ್ಕೇ ಹೊರಡಲು ಆಗುತ್ತದೆಯೇ ಅಂತ ಗೈಡ್ ಅವರನ್ನು ಕೇಳಿ. ಕತ್ತಲಾದ ಮೊದಲ ಗಂಟೆಯಲ್ಲಿ ಹಸಿದ ಪ್ರಾಣಿಗಳೆಲ್ಲ ಎದ್ದು ಹೊರಟಿರುತ್ತವೆ. ಹಣ್ಣು ಬಿಟ್ಟ ಅತ್ತಿ ಜಾತಿಯ ಮರ ಎಲ್ಲಿದೆ ಅಂತಲೂ ಕೇಳಿ. ಹಗಲು ಮಂಗಟ್ಟೆ ಕೂತ ಮರಕ್ಕೆ ರಾತ್ರಿ ಪುನುಗು ಬೆಕ್ಕು ಬರುತ್ತದೆ.

ಥರ್ಮಲ್ ಕ್ಯಾಮೆರಾ ಒಳ್ಳೆಯ ಸಾಧನ. ನಾನೂ ಬಳಸಿದ್ದೇನೆ. ಆದರೆ ಅದು ಎಲೆಯ ಹಿಂದಿನದನ್ನು ತೋರಿಸುವುದಿಲ್ಲ. ಹಗಲಿನ ಬಿಸಿ ಹಿಡಿದ ಬಂಡೆ, ಕಾಂಡ ಎಲ್ಲವೂ ಸಂಜೆ ಹೊತ್ತಿನಲ್ಲಿ ಬೆಳ್ಳಗೆ ಕಾಣುತ್ತವೆ, ಪ್ರಾಣಿ ಅದರಲ್ಲಿ ಮುಳುಗಿಹೋಗುತ್ತದೆ. ನಡುರಾತ್ರಿಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಪ್ಪೆ, ಹಾವು, ಹುಳ ಅದರಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನೀವು ಮೊದಲ ಸಲ ಹೋಗಿದ್ದೀರಿ. ಬರೀ ಕಣ್ಣಿನಿಂದ ನೋಡಿ ಅನ್ನುತ್ತೇನೆ. 8x42 ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ಪುಟ್ಟ 8x25 ಬೇಡ. ಮುಂದಿನ ಗಾಜು ದೊಡ್ಡದಿದ್ದಷ್ಟೂ ಕತ್ತಲಲ್ಲಿ ಬೆಳಕು ಜಾಸ್ತಿ ಸಿಗುತ್ತದೆ.

ಮೂಗನ್ನೂ ಬಳಸಿ. ಪುನುಗು ಬೆಕ್ಕಿನ ದೊಡ್ಡ ಬಂಧು ಬಿಂಟುರಾಂಗ್ ಹತ್ತಿರದಲ್ಲಿದ್ದರೆ ಪಾಪ್‌ಕಾರ್ನ್ ವಾಸನೆ ಬರುತ್ತದೆ. ನಿಜವಾಗಿ ಅದೇ ವಾಸನೆ, ಅದೇ ರಾಸಾಯನಿಕ ಎರಡರಲ್ಲೂ ಇದೆ. ಇದ್ದಕ್ಕಿದ್ದ ಹಾಗೆ ಅಮೋನಿಯಾದ ಘಾಟು ಹೊಡೆದರೆ ನೆಲ ನೋಡಿ. ಮೂನ್‌ರ‍್ಯಾಟ್ ಹೋಗಿರುತ್ತದೆ. ಹೆಸರಿನಲ್ಲಿ ಇಲಿ ಇದ್ದರೂ ಅದು ಇಲಿಯಲ್ಲ, ಮೈಮೇಲೆ ಮುಳ್ಳಿಲ್ಲದಿದ್ದರೂ ಮುಳ್ಳುಮೈಯ ಪುಟ್ಟ ಹೆಜ್‌ಹಾಗ್ ಕುಟುಂಬದ್ದು. ಬೋರ್ನಿಯೊದಲ್ಲಿ ಅದು ಬಿಳಿ ಬಣ್ಣಕ್ಕಿರುತ್ತದೆ.

ಕೊನೆಯದಾಗಿ ಒಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕಣ್ಣು ಸಿಕ್ಕ ಮೇಲೆ ಬೆಳಕನ್ನು ಅದರ ಮುಖದಿಂದ ತೆಗೆಯಿರಿ. ಪಕ್ಕದ ಎಲೆಗೆ ಬಿಡಿ, ಅಥವಾ ಟಾರ್ಚ್‌ಗೆ ಕೆಂಪು ಹಾಳೆ ಹಾಕಿ. ನಾನು ಶುರು ಮಾಡಿದ ವರ್ಷ ಒಂದು ರಾತ್ರಿ, ಸಣ್ಣ ಕೊಂಬೆಯ ಮೇಲೆ ಪುಕ್ಕ ಉಬ್ಬಿಸಿ ಮಲಗಿದ್ದ ಹಕ್ಕಿ ಸಿಕ್ಕಿತು. ಎರಡಡಿ ದೂರ. ಕೊಕ್ಕು ರೆಕ್ಕೆಯೊಳಗೆ ಇತ್ತು. ನಾಲ್ಕು ಸಲ ಫ್ಲಾಶ್ ಹೊಡೆದೆ. ಐದನೆಯದಕ್ಕೆ ಅದು ಎದ್ದು ಕತ್ತಲಿಗೆ ಹಾರಿತು. ಎಲೆಗಳಿಗೆ ಬಡಿದ ಸದ್ದು ಕೇಳಿತು, ಇನ್ನೊಮ್ಮೆ ಬಡಿದ ಸದ್ದು, ಆಮೇಲೆ ಇಲ್ಲ. ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಆ ಕತ್ತಲಲ್ಲಿ ಅದಕ್ಕೆ ಇನ್ನೊಂದು ಕೊಂಬೆ ಸಿಕ್ಕಿತೋ ಇಲ್ಲವೋ, ಇವತ್ತಿಗೂ ನೆನಪಾಗುತ್ತದೆ. ಅವತ್ತಿನಿಂದ ಮಲಗಿದ ಹಕ್ಕಿಯ ಮೇಲೆ ಮೂರು ಸೆಕೆಂಡ್‌ಗಿಂತ ಜಾಸ್ತಿ ಬೆಳಕು ಇಟ್ಟಿಲ್ಲ.

ಕಪ್ಪೆದನಿ:

ಮೇಡಂ ಎಲ್ಲಾ ಹೇಳಿದ್ದಾರೆ. ನಾನು ಕಪ್ಪೆ ಕಡೆಯವನು, ಆ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಮಳೆ ನಿಂತ ರಾತ್ರಿ ಬೇಸರ ಮಾಡಿಕೊಳ್ಳಬೇಡಿ. ನಮಗೆ ಅದು ಹಬ್ಬ. ದನಿ ಬರುವ ಕಡೆಗೆ ನುಗ್ಗಬೇಡಿ, ಕಪ್ಪೆ ಬಾಯಿ ಮುಚ್ಚುತ್ತದೆ. ಇಬ್ಬರು ಹತ್ತಡಿ ಅಂತರದಲ್ಲಿ ನಿಂತು, ದನಿ ಎಲ್ಲಿಂದ ಅನಿಸುತ್ತದೋ ಅಲ್ಲಿಗೆ ಇಬ್ಬರೂ ಕೈ ತೋರಿಸಿ. ಎರಡು ಗೆರೆ ಸೇರುವ ಜಾಗದಲ್ಲಿ ಕಪ್ಪೆ ಇರುತ್ತದೆ. ಕೈಯಲ್ಲಿ ಮಾತ್ರ ಮುಟ್ಟಬೇಡಿ. ಸೊಳ್ಳೆಗೆ ಅಂತ ಹಚ್ಚಿಕೊಂಡ ಔಷಧಿ ಅವುಗಳ ಚರ್ಮದಿಂದ ಒಳಗೆ ಹೋಗುತ್ತದೆ. ಚರ್ಮಕ್ಕೆ ಬರುವ ಕೈಟ್ರಿಡ್ ಅನ್ನುವ ಶಿಲೀಂಧ್ರ ರೋಗ ಜಗತ್ತಿನಲ್ಲಿ ಎಷ್ಟೋ ಕಪ್ಪೆ ಜಾತಿಗಳನ್ನೇ ಮುಗಿಸಿದೆ, ಅದು ಒದ್ದೆ ಶೂ ಜೊತೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಊರಿಗೆ ಹೊರಡುವ ಮುಂಚೆ ಶೂ ತೊಳೆದು ಪೂರ್ತಿ ಒಣಗಿಸಿ.

ಒಂದು ಅಲ್ಟ್ರಾವೈಲೆಟ್ ಟಾರ್ಚ್ ಯಾರ ಹತ್ತಿರವಾದರೂ ಇದ್ದರೆ ಒಯ್ಯಿರಿ. ಚೇಳುಗಳು ಅದರಲ್ಲಿ ಹಸಿರು ನೀಲಿಯಾಗಿ ಬೆಳಗುತ್ತವೆ. ಬಿದ್ದ ಮರದ ತೊಗಟೆಯ ಸಂದಿ ನೋಡಿ. ಹೊಸದಾಗಿ ಪೊರೆ ಕಳಚಿದ ಚೇಳು ಮಾತ್ರ ಬೆಳಗುವುದಿಲ್ಲ, ಚಿಪ್ಪು ಗಟ್ಟಿಯಾಗಬೇಕು.

ಇನ್ನೊಂದು ಕೆಲಸ ಮಾಡಿ. ಎಲ್ಲರೂ ಟಾರ್ಚ್ ಆರಿಸಿ ಹತ್ತು ನಿಮಿಷ ನಿಲ್ಲಿ. ಹತ್ತು ನಿಮಿಷ ಅಂದರೆ ಹತ್ತು ನಿಮಿಷ, ಎರಡಲ್ಲ. ಕೊಳೆತ ಮರದಲ್ಲಿ ಬೆಳಗುವ ಅಣಬೆ ಇದ್ದರೆ ಆಗಲೇ ಕಾಣುವುದು. ಅದನ್ನು ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ನಮ್ಮ ಕಣ್ಣಿನ ನಡುಭಾಗಕ್ಕೆ ಮಬ್ಬು ಬೆಳಕು ಹಿಡಿಯುವುದಿಲ್ಲ, ಸುತ್ತಲಿನ ಭಾಗಕ್ಕೆ ಹಿಡಿಯುತ್ತದೆ.

ಹಸಿರುಜಾಡು:

ಇಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಶೂ ಪಟ್ಟಿಯ ಪರೀಕ್ಷೆ ಈಗಷ್ಟೇ ಮಾಡಿದೆ. ಸೊಂಟದಿಂದ ಏನೂ ಇಲ್ಲ, ಕಿವಿಯ ಹತ್ತಿರ ತಂದ ಕೂಡಲೇ ಹೊತ್ತಿಕೊಂಡಿತು! ಕೋಣೆಯವರನ್ನೆಲ್ಲ ಕರೆದು ತೋರಿಸಿದೆ. ಏಳಕ್ಕೆ ಹೊರಡಲು ಗೈಡ್ ಒಪ್ಪಿದ್ದಾರೆ.

ಒಂದು ಭಯ ಮಾತ್ರ ಇದೆ. ಹಾವು. ನಿಧಾನ ನಡೆದು ಅಲ್ಲಲ್ಲಿ ನಿಂತರೆ ಅಪಾಯ ಜಾಸ್ತಿ ಅಲ್ವಾ?

ಬೆಳಕುಹಿಡಿದವಳು:

ನಿಧಾನ ನಡೆದಷ್ಟೂ ಅಪಾಯ ಕಡಿಮೆ. ಮರದ ಮೇಲಿರುವ ಗುಳಿಮಂಡಲ ಹಾವುಗಳು ಕೊಂಬೆಯ ಮೇಲೆ ಸುರುಳಿ ಸುತ್ತಿ ಗಂಟೆಗಟ್ಟಲೆ ಕೂತಿರುತ್ತವೆ, ಬೇಟೆ ತಾನಾಗಿ ಬರಲಿ ಅಂತ. ಅವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ನಾವು ನೋಡದೆ ಕೈ ಇಟ್ಟಾಗಲೇ ಕಡಿತ ಆಗುವುದು. ಹಾಗಾಗಿ ಜಾರಿದರೂ ಬಳ್ಳಿ, ಕಂಬಿ, ಕೊಂಬೆ ನೋಡದೆ ಹಿಡಿಯಬೇಡಿ. ಮುಚ್ಚಿದ ಶೂ, ಜಿಗಣೆ ಕಾಲುಚೀಲ, ಕಾಲಿನ ಮುಂದೆ ಒಂದು ಬೆಳಕು. ಹಾವಿಗೆ ಸಾಮಾನ್ಯವಾಗಿ ಕಣ್ಣಿನ ಹೊಳಪು ಇರುವುದಿಲ್ಲ, ಅದನ್ನು ಆಕಾರದಿಂದಲೇ ಕಾಣಬೇಕು.

ನನಗೆ ಹಾವಿಗಿಂತ ಜಾಸ್ತಿ ಭಯ ಒಣಗಿದ ಕೊಂಬೆಯದು. ಮಳೆ ನೀರು ಕುಡಿದು ಭಾರವಾಗಿ ಮೇಲಿನಿಂದ ಬೀಳುತ್ತವೆ. ಗಾಳಿ ಎದ್ದರೆ ಹಟ ಮಾಡದೆ ವಾಪಸ್ ಬನ್ನಿ. ದಾರಿಯಿಂದ ಆಚೆ ಹೆಜ್ಜೆ ಇಡಬೇಡಿ. ಕತ್ತಲಲ್ಲಿ ನಾಲ್ಕು ಸಲ ತಿರುಗಿದರೆ ಹತ್ತು ಹೆಜ್ಜೆ ಹಿಂದಿನ ದಾರಿಯೂ ಸಿಗುವುದಿಲ್ಲ. ಲೋರಿಸ್ ಕೈಗೆಟುಕುವಷ್ಟು ಕೆಳಗೆ ಬಂದರೂ ಮುಟ್ಟಬೇಡಿ. ಮೊಣಕೈ ಹತ್ತಿರದ ಗ್ರಂಥಿಯ ರಸವನ್ನು ನೆಕ್ಕಿ ಕಡಿಯುತ್ತದೆ, ಅದು ವಿಷ.

ಹಸಿರುಜಾಡು:

ಎರಡು ರಾತ್ರಿ ಆಯಿತು. ಈಗ ಬರೆಯುತ್ತಿದ್ದೇನೆ, ಕೈ ಇನ್ನೂ ನಡುಗುತ್ತಿದೆ.

ನಿನ್ನೆ ಮೊನ್ನೆಯದರಲ್ಲಿ ಮೊದಲು ಮೊನ್ನೆಯದು. ಹೊರಟ ಇಪ್ಪತ್ತೇ ನಿಮಿಷಕ್ಕೆ ನಾನೇ, ಗೈಡ್ ಅಲ್ಲ, ನಾನೇ ಮೊದಲ ಕಣ್ಣು ಕಂಡೆ. ಹಿಂದಕ್ಕೆ ತಿರುಗಿದಾಗ. ಎರಡು ಕೆಂಡ. ಮೇಡಂ ಹೇಳಿದ ಹಾಗೆ ಜಾರಿಕೊಂಡೇ ಹೋಯಿತು. ಲೋರಿಸ್. ಬೆಳಕನ್ನು ಪಕ್ಕಕ್ಕೆ ತೆಗೆದ ಮೇಲೆ ಅದು ನಮ್ಮನ್ನು ಮರೆತು ಕೊಂಬೆ ನೆಕ್ಕಲು ಶುರು ಮಾಡಿತು. ಆರು ನಿಮಿಷ ನೋಡಿದೆವು. ಆಮೇಲೆ ಬರ್ಕ, ಒಂದೇ ಕಣ್ಣು, ತರಗೆಲೆಯ ನಡುವೆ. ಜೇಡಗಳನ್ನು ಎಣಿಸುವುದು ಬಿಟ್ಟೆವು.

ನಿನ್ನೆ ಎಂಟರ ಹೊತ್ತಿಗೆ ಮೂಗಿಗೆ ಅಮೋನಿಯಾ ಹೊಡೆಯಿತು. ಎಲ್ಲರೂ ಒಟ್ಟಿಗೆ ನೆಲಕ್ಕೆ ಬೆಳಕು ಬಿಟ್ಟೆವು. ಬಿಳಿಯದೊಂದು ಬೇರಿನ ಪಕ್ಕದಲ್ಲಿ ಮೂಸುತ್ತಾ ಹೋಯಿತು. ಬರೀ ಬಾಲ ಸರಿಯಾಗಿ ಕಂಡಿತು. ಅಷ್ಟೇ ಸಾಕು.

ಆಮೇಲೆ ಕಪ್ಪೆದನಿ ಅವರ ಹತ್ತು ನಿಮಿಷ. ತೊರೆಯ ಪಕ್ಕ ಟಾರ್ಚ್ ಆರಿಸಿ ನಿಂತೆವು. ಅಣಬೆ ಕಾಣಲಿಲ್ಲ. ಆರನೆಯದೋ ಏಳನೆಯದೋ ನಿಮಿಷದಲ್ಲಿ ನನ್ನ ಎಡಕ್ಕೆ ತಟ್ ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ತಟ್. ಎಳೆಯ ಗಿಡಕ್ಕೆ ಏನೋ ಬಂದು ಅಂಟಿಕೊಂಡ ಹಾಗೆ. ಗೈಡ್ ನನ್ನ ತೋಳು ಹಿಡಿದು ಕೆಂಪು ಬೆಳಕು ಹಾಕಿದರು. ನನ್ನ ಎದೆಯ ಎತ್ತರದಲ್ಲಿ, ಹೆಬ್ಬೆರಳು ದಪ್ಪದ ಗಿಡದ ಮೇಲೆ, ಬೆನ್ನು ನಮ್ಮ ಕಡೆಗೆ, ಮುಖವೂ ನಮ್ಮ ಕಡೆಗೆ. ಬಾಯಲ್ಲಿ ಮಿಡತೆಯ ಒಂದು ಕಾಲು ಹೊರಗಿತ್ತು.

ಪುಸ್ತಕದ ಆ ಚಿತ್ರ. ಟಾರ್ಸಿಯರ್. ನಾನು ಉಸಿರು ಬಿಡಲಿಲ್ಲ. ಇನ್ನೊಂದು ಸಲ ನೆಗೆದು ಹೋಯಿತು, ಬಹುಶಃ ಒಂದು ನಿಮಿಷವೂ ಇರಲಿಲ್ಲ.

ಒಂದು ಅರ್ಥವಾಗಲಿಲ್ಲ. ಆಮೇಲೆ ಗೈಡ್ ಒಂದು ಕ್ಷಣ ಬಿಳಿ ಬೆಳಕು ಹಾಯಿಸಿದರು, ನನ್ನ ಟಾರ್ಚ್ ಕೂಡ ಕಿವಿಯ ಹತ್ತಿರವೇ ಇತ್ತು. ಅಷ್ಟು ದೊಡ್ಡ ಕಣ್ಣು, ಆದರೂ ಲೋರಿಸ್ ಹಾಗೆ ಉರಿಯಲಿಲ್ಲ. ಮಂಕಾಗಿತ್ತು. ಯಾಕೆ?

ಬೆಳಕುಹಿಡಿದವಳು:

ಓದುತ್ತಾ ನನ್ನ ಕಣ್ಣು ತುಂಬಿ ಬಂತು. ಮಿಡತೆಯ ಕಾಲು ಸಹಿತ ಕಂಡಿದ್ದೀರಿ!

ಟಾರ್ಸಿಯರ್‌ಗೆ ಆ ಕನ್ನಡಿ ಪದರ ಇಲ್ಲ. ಲೋರಿಸ್‌ಗೆ ಇದೆ, ಮಡಗಾಸ್ಕರ್‌ನ ಎಷ್ಟೋ ಲೀಮರ್‌ಗಳಿಗೆ ಇದೆ, ಮಂಗಗಳಿಗೆ, ನಮಗೆ, ಟಾರ್ಸಿಯರ್‌ಗೆ ಇಲ್ಲ. ಅದರ ಹಿಂದಿನವರು ಹಗಲು ಬದುಕುತ್ತಿದ್ದಾಗ ಆ ಪದರ ಕಳೆದುಹೋಯಿತು ಅಂತ ವಿಜ್ಞಾನಿಗಳ ವಿವರಣೆ. ಆಮೇಲೆ ರಾತ್ರಿಗೆ ಮರಳಿದಾಗ ಕನ್ನಡಿ ಮತ್ತೆ ಬರಲಿಲ್ಲ. ಕಣ್ಣೇ ದೊಡ್ಡದಾಯಿತು. ಒಂದೊಂದು ಕಣ್ಣೂ ಅದರ ಮಿದುಳಿನಷ್ಟು ದೊಡ್ಡದು. ಅಷ್ಟು ದೊಡ್ಡ ಕಣ್ಣು ಗುಳಿಯಲ್ಲಿ ತಿರುಗುವುದಿಲ್ಲ, ಅದಕ್ಕೇ ಕತ್ತನ್ನೇ ಬೆನ್ನ ಹಿಂದಕ್ಕೆ ತಿರುಗಿಸುತ್ತದೆ. ನೀವು ಕಂಡ ಬೆನ್ನು ಮತ್ತು ಮುಖ ಒಂದೇ ಕಡೆ ಇದ್ದದ್ದು ಹಾಗೆ. ಎಲೆ, ಹಣ್ಣು ಅದು ತಿನ್ನುವುದೇ ಇಲ್ಲ, ಪೂರ್ತಿ ಬೇಟೆಯ ಮೇಲೆ ಬದುಕುತ್ತದೆ. ಕಿವಿಯಿಂದ ಹುಡುಕಿ, ನೆಗೆದು ಹಿಡಿಯುತ್ತದೆ.

ಹಾಗಾಗಿ ನಾನು ಹೇಳಿದ ಕಣ್ಣಿನ ಹೊಳಪಿನ ಉಪಾಯದಲ್ಲಿ ಟಾರ್ಸಿಯರ್ ಸಿಗುವುದು ಕಷ್ಟ. ನಿಮಗೆ ಸಿಕ್ಕಿದ್ದು ಟಾರ್ಚ್ ಆರಿಸಿದ್ದರಿಂದ. ಇದನ್ನು ನಾನೇ ಮೊದಲು ನಿಮಗೆ ಹೇಳಬೇಕಿತ್ತು. ಕಪ್ಪೆದನಿ ಅವರಿಗೆ ನನ್ನ ಕಡೆಯಿಂದಲೂ ಧನ್ಯವಾದ.

ಮೂರು ರಾತ್ರಿ ಉಳಿದಿದೆ ನಿಮಗೆ. ಅದೇ ತೊರೆಯ ಹತ್ತಿರ, ಅದೇ ಹೊತ್ತಿಗೆ ಇನ್ನೊಂದು ಸಲ ಹೋಗಿ ನಿಲ್ಲಿ. ಟಾರ್ಸಿಯರ್ ಸಣ್ಣ ಜಾಗದಲ್ಲೇ ಸುತ್ತುತ್ತದೆ, ಹತ್ತಿರದಲ್ಲೇ ಇರಬಹುದು. ಬೆಳಕು ಬೇಡ. ತಟ್ ಅನ್ನುವ ಸದ್ದು ಎಷ್ಟು ಸಲ ಬಂತು, ಎಷ್ಟು ಅಂತರದಲ್ಲಿ ಬಂತು ಅಂತ ಕೇಳಿಸಿಕೊಂಡು ಬಂದು ಬರೆಯಿರಿ.